ಸಣ್ಣ ಗೈಡ್‌ಗಳ ರಾಡ್, ತೆಳು ಬ್ರೇಡ್, ಲೀಡರ್ ಗಂಟು: ಎರಡು ಮಳೆಗಾಲಗಳ ಬಳಕೆಯ ನಂತರ

ಸಣ್ಣ ಗೈಡ್‌ಗಳಿರುವ, ಅಂದರೆ ದಾರ ಹಾಯುವ ಉಂಗುರಗಳು ಪುಟ್ಟದಾಗಿರುವ, ಮೀನು ಹಿಡಿಯುವ ಸ್ಪಿನ್ನಿಂಗ್ ರಾಡೊಂದನ್ನು ನಾನು ಎರಡು ಮಳೆಗಾಲಗಳಿಂದ ಬೆಂಗಳೂರಿನ ಹೊರವಲಯದಲ್ಲಿ, ಶುಲ್ಕ ಪಡೆದು ಗಾಳ ಹಾಕಲು ಬಿಡುವ ಖಾಸಗಿ ಹೊಂಡಗಳಲ್ಲಿ ಬಳಸುತ್ತಿದ್ದೇನೆ. ರಾಡಿನ ಉದ್ದ, ತೂಕ, ಎಸೆಯಬಹುದಾದ ಲ್ಯೂರ್‌ನ (ಕೃತಕ ಎರೆಯ) ಗ್ರಾಂ ಲೆಕ್ಕ ಇವನ್ನೆಲ್ಲ ಕೊಳ್ಳುವವರು ಮೊದಲೇ ನೋಡಿರುತ್ತಾರಾದ್ದರಿಂದ ಬಿಟ್ಟುಬಿಡುತ್ತೇನೆ. ಇಂಥ ರಾಡಿನಲ್ಲಿ ಸುಖ, ಕಿರಿಕಿರಿ ಎರಡೂ ಬರುವುದು ಬ್ರೇಡನ್ನು (ಎಳೆಗಳನ್ನು ಹೆಣೆದ ಮುಖ್ಯ ದಾರವನ್ನು) ಲೀಡರಿಗೆ (ಅದರ ತುದಿಗೆ ಕಟ್ಟುವ, ಲ್ಯೂರ್ ಹಿಡಿಯುವ ಒಂಟಿ ಎಳೆಯ ದಾರಕ್ಕೆ) ಸೇರಿಸುವ ಗಂಟಿನಿಂದ ಎನ್ನುವುದು ಇಷ್ಟು ಕಾಲದ ಬಳಕೆಯಲ್ಲಿ ನನಗೆ ಖಚಿತವಾಗಿದೆ. ರಾಡಿನ ಜೊತೆ ಬಂದ ಚೀಟಿಯಲ್ಲಿ ಮಾತ್ರ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೊದಲು ಮೆಚ್ಚಿದ್ದನ್ನು ಹೇಳಬೇಕು. ಈ ರಾಡಿನಲ್ಲಿ ರೀಲಿಗೆ ಹತ್ತಿರವಿರುವ ಗೈಡ್ ಮಾತ್ರ ದೊಡ್ಡದು. ಸ್ಪೂಲಿನಿಂದ ಸುರುಳಿಯಾಗಿ ಹೊರಡುವ ದಾರವನ್ನು ಮೊದಲ ಎರಡು ಮೂರು ಗೈಡ್‌ಗಳು ಬೇಗ ಹಿಡಿದು ನೇರ ಮಾಡುತ್ತವೆ, ಅಲ್ಲಿಂದ ಮುಂದೆ ಅದು ಪುಟ್ಟ ಉಂಗುರಗಳ ಸಾಲಿನಲ್ಲಿ ತುದಿಯವರೆಗೆ ಹರಿಯುತ್ತದೆ. ತುದಿಯ ಕಡೆ ಭಾರ ಕಡಿಮೆಯಾದಷ್ಟೂ ಬೀಸಿದ ಮೇಲೆ ರಾಡಿನ ಅದುರು ಬೇಗ ನಿಲ್ಲುತ್ತದೆ, ಮೀನು ಮೂತಿ ತಾಗಿಸಿದ್ದು ಕೂಡ ಅಂಗೈಗೆ ತಿಳಿಯುತ್ತದೆ. ಐದು ಗ್ರಾಂನ ಲ್ಯೂರನ್ನು ಎಸೆದಾಗ ಬ್ರೇಡು ರಾಡಿನ ಮೈಗೆ ಬಡಿಯದೆ, ಹೆಚ್ಚು ಸದ್ದಿಲ್ಲದೆ ಹೊರಡುವುದನ್ನು ನೋಡುವುದು ನನಗೆ ಇವತ್ತಿಗೂ ಸಂತೋಷ. ಚಳಿಯ ದೇಶಗಳವರು ಸಣ್ಣ ಗೈಡ್‌ಗಳಲ್ಲಿ ಮಂಜುಗಡ್ಡೆ ಕಟ್ಟಿಕೊಳ್ಳುತ್ತದೆ ಎಂದು ದೂರುತ್ತಾರೆ. ನಮಗೆ ಆ ತೊಂದರೆ ಇಲ್ಲ.

ಬೇಸರ ಶುರುವಾಗುವುದು ಲೀಡರ್ ಕಟ್ಟಿದ ಮೇಲೆ. ಹೆಚ್ಚಿನವರು ಮೊದಲು ಕಲಿಯುವುದು ಡಬಲ್ ಯೂನಿ ಗಂಟನ್ನು. ಅದು ಭದ್ರವಾದ ಗಂಟೇ ಸರಿ, ಆದರೆ ಅದರಲ್ಲಿ ಬ್ರೇಡೂ ಲೀಡರೂ ತಮ್ಮ ಮೇಲೆಯೇ ಮಡಚಿ ಸುತ್ತಿಕೊಳ್ಳುವುದರಿಂದ ಗಂಟು ಉಬ್ಬುತ್ತದೆ, ಎರಡು ಕಡೆ ಕತ್ತರಿಸಿದ ತುದಿಗಳು ಮುಳ್ಳಿನಂತೆ ನಿಲ್ಲುತ್ತವೆ. ದೊಡ್ಡ ಗೈಡ್‌ಗಳ ರಾಡಿನಲ್ಲಿ ಅದು ಗೊತ್ತಾಗುವುದೇ ಇಲ್ಲ. ನನ್ನ ರಾಡಿನ ತುದಿಯ ಉಂಗುರಗಳು 4.5ರ ಅಳತೆಯವು, ಒಳಗಿನ ರಂಧ್ರ ಅದಕ್ಕಿಂತಲೂ ಚಿಕ್ಕದು. ಪ್ರತಿ ಎಸೆತದಲ್ಲೂ ಗಂಟು ಒಂದೊಂದೇ ಗೈಡನ್ನು ಟಕಟಕನೆ ಬಡಿಯುತ್ತಾ ಹೋಗುತ್ತದೆ, ದೂರ ಕಡಿಮೆಯಾಗುತ್ತದೆ. ಒಮ್ಮೆ ಅದು ಪೂರ್ತಿ ಸಿಕ್ಕಿಕೊಂಡು ಬ್ರೇಡು ತುಂಡಾಗಿ, ಹೊಸ ಲ್ಯೂರ್ ಮಾತ್ರ ಹೊಂಡದ ನಡುವಿಗೆ ಹಾರಿಹೋಯಿತು. ಅದಕ್ಕಿಂತ ಕಷ್ಟವಾಗುವುದು ದಡದ ಬಳಿ. ಇಲ್ಲಿನ ಹೊಂಡಗಳಲ್ಲಿ ಸಾಕುವ ರೂಪ್‌ಚಂದ್ ಮೀನು ಬಲೆ ಕಂಡ ಕೂಡಲೇ ಕೊನೆಯ ಸಲ ಓಡುತ್ತದೆ, ಆಗ ತುದಿಯ ಒಳಗಿದ್ದ ಗಂಟು ಹೊರಗೆ ಹೋಗಲು ಒಂದು ಕ್ಷಣ ತಡೆದರೂ ಸಾಕು, ಗಾಳ ಕಿತ್ತುಬರುತ್ತದೆ. ಎಷ್ಟು ದಪ್ಪದ ಬ್ರೇಡ್ ಹಾಕಬಹುದು ಎಂದು ರಾಡಿನ ಮೇಲೆಯೇ ಅಚ್ಚು ಹಾಕುವ ತಯಾರಕರು ಲೀಡರಿನ ಮಿತಿಯನ್ನು ಹೇಳದೇ ಇರುವುದನ್ನು ನಾನು ಸಣ್ಣ ಲೋಪವೆಂದು ಭಾವಿಸುವುದಿಲ್ಲ.

ಈ ರಾಡನ್ನು ಮಾರಿಬಿಡದೆ ಉಳಿಸಿಕೊಂಡದ್ದು ಎಫ್‌ಜಿ ಎಂಬ ಇನ್ನೊಂದು ಗಂಟಿನ ದೆಸೆಯಿಂದ. ಲೆಕ್ಕ ಸರಳವಾಗಿದೆ. ಪಿಇ 1ರ (ಪಿಇ ಎನ್ನುವುದು ಬ್ರೇಡಿನ ದಪ್ಪ ಹೇಳುವ ಸಂಖ್ಯೆ) ಬ್ರೇಡಿನ ದಪ್ಪ ಸುಮಾರು 0.165 ಮಿ.ಮೀ., 12 ಪೌಂಡ್ ಎಳೆತ ತಾಳುವ ಲೀಡರಿನದು ಸುಮಾರು 0.28 ಮಿ.ಮೀ. ಆಲ್ಬರ್ಟೊ ಎಂಬ ಮತ್ತೊಂದು ಗಂಟಿನಲ್ಲಿ ಲೀಡರನ್ನು ಮಡಚಲೇಬೇಕು, ಹಾಗಾಗಿ ಬ್ರೇಡಿನ ಸುತ್ತುಗಳನ್ನು ಸೇರಿಸುವ ಮೊದಲೇ ದಪ್ಪ 0.56ಕ್ಕೆ ಮುಟ್ಟಿರುತ್ತದೆ. ಎಫ್‌ಜಿಯಲ್ಲಿ ಲೀಡರ್ ಮಡಚುವುದೇ ಇಲ್ಲ. ಅದು ನೇರವಾಗಿ ನಿಲ್ಲುತ್ತದೆ, ಬ್ರೇಡು ಅದರ ಮೈಮೇಲೆ ಹೆಣೆದುಕೊಂಡು ಎಳೆದಷ್ಟೂ ಕಚ್ಚುತ್ತದೆ.

ಇದನ್ನು ಕಟ್ಟುವುದು ನನ್ನ ಶನಿವಾರ ರಾತ್ರಿಯ ಕೆಲಸ. ಭಾನುವಾರ ಬೆಳಗಾಗುವ ಮೊದಲೇ ನೈಸ್ ರಸ್ತೆ ಹಿಡಿಯಬೇಕಾದ್ದರಿಂದ ಊಟವಾದ ಮೇಲೆ ರಾಡನ್ನು ಸೋಫಾಕ್ಕೆ ಒರಗಿಸಿ, ರೀಲಿನ ಡ್ರ್ಯಾಗನ್ನು (ದಾರವನ್ನು ತಡೆಯುವ ಬ್ರೇಕನ್ನು) ಬಿಗಿ ಮಾಡಿ, ಬ್ರೇಡಿನ ಬಿಡಿ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತೇನೆ. ಬ್ರೇಡು ಬಿಗಿಯಾಗಿ ನಿಂತಿರುವಾಗ ಲೀಡರನ್ನು ಅದರ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ತಿರುವುತ್ತಾ ಸುಮಾರು ಇಪ್ಪತ್ತು ಸುತ್ತು ಹಾಕಬೇಕು. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಏರಬಾರದು. ಎರಡು ಅರ್ಧಗಂಟು ಹಾಕಿ, ಎಂಜಲಿನಿಂದ ಒದ್ದೆ ಮಾಡಿ, ಕೈಗೆ ಬಟ್ಟೆ ಸುತ್ತಿಕೊಂಡು ನಿಧಾನವಾಗಿ ಜಗ್ಗಿದಾಗ ಹೆಣಿಗೆ ಬಿಗಿದು ಬ್ರೇಡಿನ ಬಣ್ಣ ಗಾಢವಾಗುತ್ತದೆ. ಬಣ್ಣ ಬದಲಾಗದಿದ್ದರೆ ಗಂಟು ಇನ್ನೂ ಕಚ್ಚಿಲ್ಲ ಎಂದೇ ಅರ್ಥ, ಅಂಥದ್ದನ್ನು ನಾನು ಬಿಚ್ಚಿ ಮತ್ತೆ ಕಟ್ಟುತ್ತೇನೆ. ಆಮೇಲೆ ಲೀಡರಿನ ತುದಿಯನ್ನು ಉಗುರು ಕತ್ತರಿಯಿಂದ ಹೆಣಿಗೆಯ ಸಮಕ್ಕೆ ಕತ್ತರಿಸಿ, ಬ್ರೇಡಿನ ಮೇಲೆ ಮಾತ್ರ ಇನ್ನೊಂದಷ್ಟು ಅರ್ಧಗಂಟುಗಳನ್ನು ಎದುರುಬದುರಾಗಿ ಹಾಕಿದರೆ ಗಂಟಿನ ಮೇಲ್ತುದಿ ಇಳಿಜಾರಾಗುತ್ತದೆ. ಲೀಡರಿನ ತುದಿಯನ್ನು ಲೈಟರಿನಿಂದ ಸುಟ್ಟು ಗುಂಡಿಯಂತೆ ಮಾಡುವವರಿದ್ದಾರೆ. ಸಣ್ಣ ಗೈಡ್‌ಗಳಿಗೆ ಆ ಗುಂಡಿಯೇ ಶತ್ರು. ಕೊನೆಗೆ ದೀಪ ಆರಿಸುವ ಮೊದಲು ಗಂಟನ್ನು ತುದಿಯ ಉಂಗುರದಲ್ಲಿ ಕೈಯಿಂದಲೇ ಒಳಗೆ ಹೊರಗೆ ಎಳೆದು ನೋಡುತ್ತೇನೆ. ಅದು ಎಲ್ಲೂ ತಡೆಯದೆ ಜಾರಿದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಗಾಳಿ ಬೀಸುವ ಏರಿಯ ಮೇಲೆ ನಿಂತು ಇಷ್ಟೆಲ್ಲ ಮಾಡುವುದು ಕಷ್ಟ. ಅಲ್ಲಿ ಲೀಡರ್ ಹರಿದರೆ ಅರ್ಧ ಮೀಟರಿಗಿಂತ ಕಡಿಮೆ ಉದ್ದದ ಲೀಡರನ್ನು ಡಬಲ್ ಯೂನಿಯಿಂದಲೇ ಕಟ್ಟಿ, ಎಸೆಯುವಾಗ ಗಂಟು ತುದಿಯ ಹೊರಗೇ ಇರುವಂತೆ ನೋಡಿಕೊಳ್ಳುತ್ತೇನೆ. ಬೀಸುವ ಲಯ ತುಸು ಬದಲಾಗುತ್ತದೆ ಅಷ್ಟೆ. ಉಳಿದ ಬೆಳಗು ವ್ಯರ್ಥವಾಗುವುದಿಲ್ಲ.

ದಾರದ ಆಯ್ಕೆಯಲ್ಲಿ ಎಂಟು ಎಳೆಯ ಬ್ರೇಡಿಗೆ ನನ್ನ ಮತ. ಅದು ಹೆಚ್ಚು ದುಂಡಗಿರುತ್ತದೆ, ಗೈಡ್‌ಗಳಲ್ಲಿ ಸದ್ದು ಕಡಿಮೆ. ನಾಲ್ಕು ಎಳೆಯದು ಅಗ್ಗ, ಸವೆತವನ್ನು ಚೆನ್ನಾಗಿ ತಾಳುತ್ತದೆ, ಎಫ್‌ಜಿ ಗಂಟು ಅದರಲ್ಲಿ ಬೇಗ ಕಚ್ಚುತ್ತದೆ ಎನ್ನುವುದೂ ನಿಜ, ಆದರೆ ಒರಟು ಮೈಗೆ ಪಾಚಿ ಅಂಟಿಕೊಂಡು ಬಂದು ಕಿರಿದಾದ ಉಂಗುರದಲ್ಲಿ ಕಟ್ಟಿಕೊಳ್ಳುವುದು ನನಗೆ ಸಾಕಾಗಿದೆ. ನಮ್ಮ ಕಡೆಯ ಹೊಂಡಗಳಲ್ಲಿ ಪಾಚಿ ಇಲ್ಲದ ತಿಂಗಳು ವಿರಳ. ಪಿಇ 0.8 ಇನ್ನೂ ದೂರ ಹೋಗುತ್ತದೆ, ಆದರೂ ರೂಪ್‌ಚಂದ್ ಬಲಕ್ಕೆ ನಾನು 1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಲೀಡರ್ 12 ಪೌಂಡ್, ಹೆಚ್ಚೆಂದರೆ 16. 20 ಪೌಂಡಿನದು ಎಫ್‌ಜಿಯಲ್ಲೂ ತುದಿಯನ್ನು ಮುಟ್ಟಿ ಮಾತನಾಡಿಸಿಯೇ ಹೋಗುತ್ತದೆ. ಅಂತರಗಂಗೆ ಗಿಡಗಳ ನಡುವಿನಿಂದ ಮರಲ್ ಮೀನನ್ನು ಎಳೆಯಬೇಕೆನ್ನುವವರು ದೊಡ್ಡ ಗೈಡ್‌ಗಳ ಗಟ್ಟಿ ರಾಡಿಗೆ ದಪ್ಪ ಬ್ರೇಡನ್ನು ನೇರವಾಗಿ ಕಟ್ಟಿಕೊಳ್ಳುವುದೇ ಒಳ್ಳೆಯದು.

ಫ್ಲೋರೋಕಾರ್ಬನ್ ಲೀಡರಿಗೆ ಕೊಡುವ ಹಣದ ಬಗ್ಗೆ ನನಗೆ ಈಗ ಅನುಮಾನವಿದೆ. ನೀರಿನಲ್ಲಿ ಕಾಣುವುದು ಕಡಿಮೆ ಎನ್ನುವುದೇ ಅದರ ದೊಡ್ಡ ಹೆಗ್ಗಳಿಕೆ. ಮಳೆ ಬಿದ್ದ ಮೇಲೆ ಚಹಾ ಬಣ್ಣಕ್ಕೆ ತಿರುಗುವ ಹೊಂಡದಲ್ಲಿ ಆ ಗುಣಕ್ಕೆ ಬೆಲೆ ಏನು? ಅದರ ಸಾಂದ್ರತೆ ಸುಮಾರು 1.78, ನೈಲಾನಿನದು 1.14. ಆದ್ದರಿಂದ ತಳದಲ್ಲಿ ಕಲ್ಲಿರುವ ಜಾಗಕ್ಕೆ, ಮುಳುಗುವ ಲ್ಯೂರ್‌ಗೆ ಅದು ಸರಿ. ಮೇಲೆ ತೇಲುವ ಲ್ಯೂರ್‌ಗೆ ಒಳ್ಳೆಯ ನೈಲಾನ್ ತಂಗೂಸಿ ದಾರವೇ ಮೇಲು, ಮೆದುವಾಗಿರುವುದರಿಂದ ಎಫ್‌ಜಿ ಗಂಟು ಅದನ್ನು ಸುಲಭವಾಗಿ ಕಚ್ಚುತ್ತದೆ, ಬೆಲೆಯೂ ಕಡಿಮೆ.

ಉಳಿತಾಯಕ್ಕೆ ಇನ್ನೊಂದು ದಾರಿಯಿದೆ. 150 ಮೀಟರಿನ ಒಳ್ಳೆಯ ಬ್ರೇಡಿಗೆ ನಾನು ಸಾವಿರದೈನೂರು ರೂಪಾಯಿಯ ಆಸುಪಾಸು ಕೊಟ್ಟಿದ್ದೇನೆ, ಹೊಂಡದಲ್ಲಿ ಅದರ ಅರ್ಧವೂ ಹೊರಗೆ ಹೋಗುವುದಿಲ್ಲ. ಹಾಗಾಗಿ ಸ್ಪೂಲಿನ ಅಡಿಗೆ ಹಳೆಯ ತಂಗೂಸಿಯನ್ನು ಸುತ್ತಿ, ಅದರ ಮೇಲೆ 75 ಮೀಟರ್ ಬ್ರೇಡನ್ನಷ್ಟೇ ಹಾಕುತ್ತೇನೆ. ಬರಿಯ ಬ್ರೇಡು ಸ್ಪೂಲಿನ ಮೇಲೆ ಜಾರುವ ತೊಂದರೆಯೂ ಇದರಿಂದ ತಪ್ಪುತ್ತದೆ. ಮುಂಭಾಗ ಸವೆದು ನೂಲೆದ್ದಾಗ ಬ್ರೇಡನ್ನು ತಿರುಗಿಸಿ ಸುತ್ತಿದರೆ ಒಳಗಿದ್ದ ಹೊಸ ತುದಿ ಮೇಲೆ ಬರುತ್ತದೆ. ಮಿಕ್ಕ 75 ಮೀಟರ್ ಮುಂದಿನ ಮಳೆಗಾಲಕ್ಕೆ ಡಬ್ಬಿಯಲ್ಲಿದೆ.