ಹತ್ತು ನಿಮಿಷದ ಕೆಲಸ ಎನ್ನುವವರ ಬಗ್ಗೆ ಎಚ್ಚರ

ನಾನೇ ಬರೆದ ಕಡತವನ್ನು ತೆರೆಯಲು ಹೋದರೆ ‘ನಿಮಗೆ ಅನುಮತಿ ಇಲ್ಲ’ ಎಂಬ ಸಾಲು ಪರದೆಯ ಮೇಲೆ ಮೂಡಿತು. ಪಾಸ್‌ವರ್ಡ್ ತಪ್ಪಾಗಿರಬೇಕೆಂದು ಮೂರು ಸಲ ಒತ್ತಿ ನೋಡಿದೆ. ತಪ್ಪಿರುವುದು ಪಾಸ್‌ವರ್ಡ್ ಅಲ್ಲ ಎಂದು ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಹಳೆಯ ಸಹೋದ್ಯೋಗಿಯೊಬ್ಬರು ತರಬೇತಿ ಸಂಸ್ಥೆ ಕಟ್ಟಲು ಹೊರಟಿದ್ದರು. ‘ಎರಡು ಪುಟ ತಿದ್ದಿಕೊಡಿ, ಹತ್ತು ನಿಮಿಷದ ಕೆಲಸ’ ಎಂದರು. ತಿದ್ದಿಕೊಟ್ಟೆ. ಆಮೇಲೆ ಒಂದು ಪಾಠ, ಆಮೇಲೆ ಹತ್ತು, ಕೊನೆಗೆ ಇಡೀ ಪಠ್ಯಕ್ರಮ. ಎರಡು ವರ್ಷದ ಭಾನುವಾರಗಳೆಲ್ಲ ಅಲ್ಲಿಗೇ ಸಂದವು. ‘ಇದು ನಮ್ಮಿಬ್ಬರದು’ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಸಂಸ್ಥೆಯ ಕಾಗದಗಳಲ್ಲಿ ಮಾತ್ರ ಒಂದೇ ಹೆಸರಿತ್ತು.

ಸಣ್ಣ ಕೋರಿಕೆಯಿಂದ ದೊಡ್ಡದಕ್ಕೆ ಏರಿಸುವ ಈ ಏಣಿಯ ಬಗ್ಗೆ ಅಧ್ಯಯನವೇ ನಡೆದಿದೆ. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಮನಶ್ಶಾಸ್ತ್ರಜ್ಞರು ಮನೆಯಂಗಳದಲ್ಲಿ ‘ಎಚ್ಚರಿಕೆಯಿಂದ ವಾಹನ ಚಲಾಯಿಸಿ’ ಎಂಬ ದೊಡ್ಡ, ವಿಕಾರ ಫಲಕ ನೆಡಲು ಒಪ್ಪಿಗೆ ಕೇಳಿದರು. ನೇರವಾಗಿ ಕೇಳಿದಾಗ ಒಪ್ಪಿದವರು ಶೇ. 17. ಅದೇ ವಿಷಯದ ಅಂಗೈಯಗಲದ ಚೀಟಿಯೊಂದನ್ನು ಅಂಟಿಸಿಕೊಳ್ಳುವಂತೆ ಎರಡು ವಾರ ಮೊದಲು ಯಾರನ್ನು ಕೇಳಲಾಗಿತ್ತೋ ಅವರಲ್ಲಿ ದೊಡ್ಡ ಫಲಕಕ್ಕೆ ಒಪ್ಪಿದವರು ಶೇ. 76. ನನ್ನ ಚೀಟಿ ಆ ಎರಡು ಪುಟ.

ಕಣ್ಣಿಗೆ ಏನೂ ಬೀಳಲಿಲ್ಲವೇ ಎಂದು ಕೇಳಬಹುದು. ಬಿದ್ದಿತ್ತು. ಪಾಲಿನ ವಿಷಯವನ್ನು ಬರಹದಲ್ಲಿ ಹಾಕೋಣವೇ ಎಂದು ಒಮ್ಮೆ ಅಳುಕುತ್ತಲೇ ಕೇಳಿದ್ದೆ. ‘ನಮ್ಮ ನಡುವೆ ಕಾಗದವೇ?’ ಎಂದು ಅವರು ಮುಖ ಸಣ್ಣದು ಮಾಡಿಕೊಂಡರು. ಕೇಳಿದ ನಾನೇ ಕ್ಷಮೆ ಕೋರಿದೆ! ದಾಕ್ಷಿಣ್ಯ ಎಂಬ ಈ ರೋಗಕ್ಕೆ ಮದ್ದು ಕಂಡವರಿದ್ದರೆ ನನಗೂ ತಿಳಿಸಿ. ಅವರ ಮಾತಿನಲ್ಲಿ ಹಿಂದಿನ ಪಾಲುದಾರರೆಲ್ಲ ಕಳ್ಳರು, ಕೃತಘ್ನರು. ಆ ಪಟ್ಟಿಯ ಕೊನೆಯಲ್ಲಿ ನನಗೂ ಒಂದು ಜಾಗ ಖಾಲಿ ಇದೆ ಎಂದು ಆಗ ಹೊಳೆಯಲಿಲ್ಲ. ಎರಡು ವರ್ಷಗಳಲ್ಲಿ ನಾನು ಅವರಿಂದ ಬೇಡಿದ್ದು ಒಂದು ಶಿಫಾರಸು ಪತ್ರ. ‘ನಾಳೆ ಕೊಡುತ್ತೇನೆ’ ಎಂದರು. ಆ ನಾಳೆ ಇನ್ನೂ ಬಂದಿಲ್ಲ.

ಎರಡನೆಯ ವರ್ಷದ ಆರಂಭದಲ್ಲೇ ಅನುಮಾನ ಗಟ್ಟಿಯಾಯಿತು. ಆದರೂ ಬಿಡಲಿಲ್ಲ, ಇಷ್ಟು ದುಡಿದು ಈಗ ಬಿಟ್ಟರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ ಎಂದುಕೊಂಡೆ. ಬಿಡದೆ ಇನ್ನೂ ಹತ್ತು ತಿಂಗಳು ಕಿವುಚಿದೆ. ದಣಿವಿಗಿಂತ ಹೆಚ್ಚಾಗಿ ಇಂದಿಗೂ ಕಾಡುವುದು ಆ ಹತ್ತು ತಿಂಗಳು, ಏಕೆಂದರೆ ಅವನ್ನು ನಾನು ಗೊತ್ತಿದ್ದೇ ಕೊಟ್ಟೆ.

ಕೊನೆಗೆ, ಕಡತ ತೆರೆಯದಾದ ಮೇಲೆ ಅವರಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: ‘ನೀವು ಪ್ರೀತಿಯಿಂದ ಸಹಾಯ ಮಾಡಿದಿರಿ, ನಾವು ಮರೆಯುವುದಿಲ್ಲ.’ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ‘ನಮ್ಮಿಬ್ಬರದು’ ಯಾವಾಗ ‘ಸಹಾಯ’ವಾಯಿತೋ ತಿಳಿಯದು.

ವಕೀಲರೊಬ್ಬರನ್ನು ಕಂಡೆ. ಲೇಖಕರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ನೋಂದಣಿ ಇಲ್ಲದೆಯೂ ಬರೆದವರಿಗೆ ಕೃತಿಸ್ವಾಮ್ಯ ಹುಟ್ಟುತ್ತದೆ ಎಂದಾಗ ಜೀವ ಬಂದಂತಾಯಿತು. ‘ಬರೆದದ್ದು ನೀವೇ ಎಂಬುದಕ್ಕೆ ಏನಿದೆ?’ ಎಂದು ಮರುಕ್ಷಣವೇ ಕೇಳಿದರು. ಕರಡುಗಳು, ತಿದ್ದುಪಡಿಗಳು, ದಿನಾಂಕಗಳು ಎಲ್ಲವೂ ಆ ಸಂಸ್ಥೆಯ ಖಾತೆಯಲ್ಲಿದ್ದವು. ನನ್ನ ಬಳಿ ಒಂದು ಪ್ರತಿಯೂ ಇರಲಿಲ್ಲ. ಈಗ ಯಾರಿಗೆ ಬರೆದುಕೊಟ್ಟರೂ ಅದರ ಒಂದು ಪ್ರತಿ ನನ್ನ ಖಾತೆಯಿಂದ ನನಗೇ ಮಿಂಚಂಚೆಯಾಗಿ ಹೋಗುತ್ತದೆ. ಯಾರಾದರೂ ಆತ್ಮೀಯತೆಯ ಮಳೆ ಸುರಿಸತೊಡಗಿದರೆ, ಮೊದಲ ತಿಂಗಳಲ್ಲೇ ಒಂದು ಸಣ್ಣ ಕೆಲಸಕ್ಕೆ ‘ಆಗುವುದಿಲ್ಲ’ ಎನ್ನುತ್ತೇನೆ. ಮಳೆ ನಿಂತರೆ ನಾನೂ ಮನೆಯ ದಾರಿ ಹಿಡಿಯುತ್ತೇನೆ.

ಇದೆಲ್ಲ ಮುಗಿದ ಕಥೆ ಎಂದು ಸುಮ್ಮನಿದ್ದೆ. ಕಳೆದ ವಾರ ಪರಿಚಿತ ಹುಡುಗಿಯೊಬ್ಬಳು ಅವರ ಹೆಸರು ಹೇಳಿ ‘ಹೇಗೆ ಜನ?’ ಎಂದು ವಿಚಾರಿಸಿದಳು. ಎರಡು ಪುಟ ನೋಡಿಕೊಡಲು ಕೇಳಿದ್ದಾರಂತೆ. ಹತ್ತು ನಿಮಿಷದ ಕೆಲಸವಂತೆ.