ಇಲಿಮರಿಯ ಮಿದುಳಲ್ಲಿ ರಕ್ತನಾಳ ಅಳೆಯಲು ಆಂಜಿಯೋಟೂಲ್: ಎರಡು ವರ್ಷ ಬಳಸಿದ ಮೇಲೆ

7 ದಿನದ ಇಲಿಮರಿ ತೂಗಿದರೆ 15 ಗ್ರಾಂ ಆಸುಪಾಸು, ಕಣ್ಣೂ ಬಿಟ್ಟಿರುವುದಿಲ್ಲ. ಅದರ ಮಿಡಲ್ ಸೆರೆಬ್ರಲ್ ಆರ್ಟರಿಯನ್ನು (ಮಿದುಳಿನ ಒಂದು ಬದಿಗೆ ರಕ್ತ ಒಯ್ಯುವ ದೊಡ್ಡ ನಾಳ) ಸಣ್ಣ ಎಳೆಯಿಂದ 3 ಗಂಟೆ ತಡೆದು, ಆಮೇಲೆ ರಕ್ತ ಹರಿಯಲು ಬಿಡುತ್ತಾರೆ. ನವಜಾತ ಶಿಶುವಿಗೆ ಸ್ಟ್ರೋಕ್ ಆದಾಗ ಮಿದುಳಿಗೆ ಏನಾಗುತ್ತದೆ ಎಂದು ತಿಳಿಯಲು ಇದೊಂದು ದಾರಿ. ಶಸ್ತ್ರಕ್ರಿಯೆ ನನ್ನ ಕೆಲಸವಲ್ಲ. ಎರಡು ವಾರ ಕಳೆದ ಮೇಲೆ ಬರುವ, ಮಿದುಳಿನ ತೆಳು ಹೋಳುಗಳ ಸ್ಲೈಡುಗಳು ನನ್ನ ಪಾಲು.

ಅವುಗಳಲ್ಲಿ ನಾಳ ಎಣಿಸಲು ನಾನು ನೆಚ್ಚಿಕೊಂಡಿರುವುದು ಆಂಜಿಯೋಟೂಲ್ ಎಂಬ ತಂತ್ರಾಂಶ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ತಯಾರಾಗಿ 2011ರಲ್ಲಿ ಬಂದದ್ದು, ಉಚಿತ. ಚಿತ್ರ ತೆರೆದು ನಾಳದ ದಪ್ಪ, ಹೊಳಪಿನ ಮಿತಿ ಸರಿಸುತ್ತಿದ್ದಂತೆ ನಾಳಗಳ ಅಂಚಿಗೆ ಹಳದಿ ಗೆರೆ, ನಡುವೆ ಕೆಂಪು ಎಳೆ, ಕವಲೊಡೆಯುವಲ್ಲಿ ನೀಲಿ ಚುಕ್ಕೆ ಮೂಡುತ್ತವೆ. ಒಟ್ಟು ಉದ್ದ, ಕವಲುಗಳ ಸಂಖ್ಯೆ, ನಾಳ ಆವರಿಸಿದ ಜಾಗ ಎಲ್ಲವೂ ಎಕ್ಸೆಲ್ ಹಾಳೆಗೆ ಬಂದು ಬೀಳುತ್ತವೆ. ಕೈಯಲ್ಲಿ ಎಣಿಸುವಾಗ ಒಂದು ಸ್ಲೈಡಿಗೆ ಅರ್ಧ ದಿನ ಹೋಗುತ್ತಿತ್ತು.

ಒಮ್ಮೆ ಮಾತ್ರ ಮೋಸ ಹೋದೆ. ರಕ್ತ ತಡೆದು ಪೆಟ್ಟಾದ ಬದಿಯಲ್ಲಿ ನಾಳ ಹೆಚ್ಚಿದೆ ಎಂದು ಲೆಕ್ಕ ಬಂತು. ಎಳೆಯ ಮಿದುಳಲ್ಲವೇ, ನಾಳ ಇನ್ನೂ ಬೆಳೆಯುವ ವಯಸ್ಸು, ಬೇಗ ಚಿಗುರಿಕೊಂಡಿದೆ ಎಂದು ಹಿಗ್ಗಿದೆ. ಚಿತ್ರ ಹಿಗ್ಗಿಸಿ ನೋಡಿದರೆ ಕೆಂಪು ಎಳೆ ಎಳೆದಿದ್ದು ಮೈಕ್ರೋಗ್ಲಿಯಾ ಎಂಬ, ಮಿದುಳಿನ ರಕ್ಷಣಾ ಕೋಶಗಳ ಮೇಲೆ! ನಾಳ ಎದ್ದು ಕಾಣಲೆಂದು ನಾನು ಹಾಕಿದ್ದ ಟೊಮ್ಯಾಟೊ ಲೆಕ್ಟಿನ್ ಎಂಬ ಪ್ರೋಟೀನು ನಾಳಕ್ಕೂ ಅಂಟುತ್ತದೆ, ಪೆಟ್ಟಿನ ಜಾಗಕ್ಕೆ ಮುತ್ತಿಕೊಳ್ಳುವ ಈ ಜೀವಕೋಶಗಳಿಗೂ ಅಂಟುತ್ತದೆ. ತಪ್ಪು ತಂತ್ರಾಂಶದ್ದಲ್ಲ, ನನ್ನ ಸ್ಟೇನಿಂಗಿನದು (ಬಣ್ಣ ಹಾಕಿದ್ದರದ್ದು). ನಾಳದ ಒಳಪದರವನ್ನಷ್ಟೇ ಹಿಡಿಯುವ ಗುರುತು ಬಳಸಿ ಮತ್ತೆ ಎಣಿಸಿದಾಗ ಆ ಬದಿ ಬಡವಾಗಿತ್ತು. ಈ ಮಾದರಿಯಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳಿದೆ: ಎರಡು ವಾರವಾದರೂ ಪೆಟ್ಟಾದ ಭಾಗದಲ್ಲಿ ಹೊಸ ನಾಳ ಹುಟ್ಟುವುದು ಕಮ್ಮಿ. ನನ್ನ ಮೊದಲ ಲೆಕ್ಕ ಹಾಗೇ ಹೋಗಿದ್ದರೆ ಅಷ್ಟು ಮರಿಗಳ ಪ್ರಾಣ ವ್ಯರ್ಥವಾಗುತ್ತಿತ್ತು ಎನ್ನುವುದು ಇವತ್ತಿಗೂ ಕಾಡುತ್ತದೆ.

ಇನ್ನೊಂದು ಮಿತಿ: ಆಂಜಿಯೋಟೂಲ್ ನೋಡುವುದು ಚಪ್ಪಟೆ ಚಿತ್ರವನ್ನು. ಮಿದುಳಿನ ಹೋಳು (ಸೆಕ್ಷನ್) ದಪ್ಪ ಇದ್ದರೆ ಮೇಲೊಂದು ಕೆಳಗೊಂದು ಹಾದುಹೋಗುವ ನಾಳಗಳನ್ನೂ ಕವಲು ಎಂದೇ ಎಣಿಸುತ್ತದೆ. ಆದ್ದರಿಂದ ಕವಲಿನ ಲೆಕ್ಕಕ್ಕಿಂತ ಉದ್ದದ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ.

ಹೊಸಬರು ಧೈರ್ಯವಾಗಿ ಬಳಸಿ. ಎರಡೂ ಬದಿಯ ಚಿತ್ರಗಳಿಗೆ ಒಂದೇ ಮಿತಿ ಇಡಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ಬದಿ ಯಾವುದೆಂದು ಗೊತ್ತಿಲ್ಲದವರ ಕೈಯಲ್ಲಿ ಲೆಕ್ಕ ಮಾಡಿಸಿ.