ಮನೆಯೊಳಗಿನ ಕುಂಡಕ್ಕೆ ತಾನಾಗಿ ನೀರು: ಪಂಪು, ಬತ್ತಿ, ಸಲೈನ್ ಪೈಪು, ಮಣ್ಣಿನ ಮೊಳೆ ಹೋಲಿಸಿದಾಗ

ಕುಂಡಕ್ಕೆ ತಾನಾಗಿ ನೀರು ಹೋಗುವ ವ್ಯವಸ್ಥೆ ಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು "ಯಾವ ಕಿಟ್ ತಗೊಳ್ಳಲಿ?" ಅಂತ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ನೀರಿನ ಡಬ್ಬ ಕುಂಡಕ್ಕಿಂತ ಮೇಲಿರುತ್ತದೋ, ಕೆಳಗಿರುತ್ತದೋ? ಎಷ್ಟು ನೀರು ಹೋಗಬೇಕೆಂದು ತೀರ್ಮಾನಿಸುವುದು ಗಡಿಯಾರವೋ, ಮಣ್ಣೋ? ಇವೆರಡಕ್ಕೆ ಉತ್ತರ ಗೊತ್ತಿಲ್ಲದೆ ಎಂಥ ಕಿಟ್ ತಂದರೂ ಒಂದು ಬೆಳಗ್ಗೆ ಹಾಲ್ ತುಂಬ ನೀರು ನಿಂತಿರುತ್ತದೆ, ಇಲ್ಲವೇ ಪೀಸ್ ಲಿಲಿ ಸೋತು ಮಲಗಿರುತ್ತದೆ.

ಇಲ್ಲಿ ಹೋಲಿಸಿರುವ ವಿಧಾನಗಳನ್ನೆಲ್ಲ ಒಂದೇ ಕಿಟಕಿಯ ಬದಿಯಲ್ಲಿಟ್ಟು ನೋಡಿದ್ದೇವೆ. ಆರು ಮತ್ತು ಎಂಟು ಇಂಚಿನ ಪ್ಲಾಸ್ಟಿಕ್ ಕುಂಡಗಳು. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು. ಗಿಡಗಳು ಮನಿ ಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲಿ, ಫರ್ನ್, ಅರೆಕಾ ಪಾಮ್.

ಮೊದಲು ಗಿಡ ದಿನಕ್ಕೆ ಎಷ್ಟು ಕುಡಿಯುತ್ತದೆ ಅನ್ನುವ ಲೆಕ್ಕ ಬೇಕು. ಅಡುಗೆಮನೆಯ ತಕ್ಕಡಿ ಸಾಕು. ನೀರು ಹಾಕಿ, ತಟ್ಟೆಗೆ ಇಳಿದದ್ದನ್ನು ಚೆಲ್ಲಿ, ಕುಂಡ ತೂಗಿ ಬರೆದಿಡಿ. ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ತೂಗಿ. ಎಷ್ಟು ಗ್ರಾಂ ಇಳಿದಿದೆಯೋ ಅಷ್ಟು ಮಿ.ಲೀ. ನೀರು ಹೋಗಿದೆ. ಅರ್ಧ ಮಾಡಿದರೆ ದಿನದ ಲೆಕ್ಕ. ಮಾರ್ಚ್–ಏಪ್ರಿಲ್‌ನಲ್ಲಿ ಬಂದ ಅಂಕಿಯನ್ನು ಜುಲೈ ಮೋಡಕ್ಕೆ ಹಾಕಬೇಡಿ, ಕೊಳೆತುಹೋಗುತ್ತದೆ.

ಟೈಮರ್ ಇರುವ ಸಣ್ಣ ಪಂಪು

ಐದಕ್ಕಿಂತ ಹೆಚ್ಚು ಕುಂಡವಿದ್ದರೆ ನಮ್ಮ ಆಯ್ಕೆ ಇದೇ. ಆದರೆ ತಪ್ಪು ಮಾಡಲು ಅವಕಾಶ ಹೆಚ್ಚಿರುವುದೂ ಇದರಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಬೇಕಾದದ್ದು: 5 ವೋಲ್ಟಿನ ಡಯಾಫ್ರಾಮ್ ಪಂಪು (ಒಳಗಿನ ರಬ್ಬರ್ ಪೊರೆ ಅಲುಗಿ ನೀರು ತಳ್ಳುವಂಥದ್ದು) ಮತ್ತು ಟೈಮರ್, 4 ಎಂಎಂ ಪೈಪು ಹತ್ತು ಮೀಟರ್, ಕುಂಡಕ್ಕೊಂದು ಟೀ (T ಆಕಾರದ) ಜಾಯಿಂಟ್, ಕುಂಡಕ್ಕೊಂದು ಮಣ್ಣಿಗೆ ಚುಚ್ಚುವ ಡ್ರಿಪ್ಪರ್, ಹೀರುವ ತುದಿಗೆ ಜಾಲರಿ, ಮುಚ್ಚಳವಿರುವ ಬಕೆಟ್. ಹತ್ತು ಕುಂಡಕ್ಕೆ ದಿನಕ್ಕೆ ತಲಾ 80 ಮಿ.ಲೀ. ಅಂದರೆ 800 ಮಿ.ಲೀ.; ಹದಿನೈದು ದಿನಕ್ಕೆ 12 ಲೀಟರ್. 20 ಲೀಟರಿನ ಬಕೆಟ್ ಇದ್ದರೆ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಉಳಿಯಲೇಬೇಕು, ಒಣಗಿ ಓಡಿದರೆ ಪಂಪು ಕೆಡುತ್ತದೆ. ಪೈಪು ಕಪ್ಪು ಬಣ್ಣದ್ದೇ ಇರಲಿ. ಪಾರದರ್ಶಕ ಪೈಪಿನ ಒಳಗೆ ಬೆಳಕು ಬಿದ್ದ ಕಡೆಯೆಲ್ಲ ಪಾಚಿ ಕಟ್ಟಿ, ಅದು ಕಳಚಿ ಬಂದು ಡ್ರಿಪ್ಪರ್ ಬಾಯಿಗೆ ಅಡ್ಡ ಕೂರುತ್ತದೆ. ಪೈಪು ಜಾಯಿಂಟಿಗೆ ಹತ್ತದಿದ್ದರೆ ತುದಿಯನ್ನು ಅರ್ಧ ನಿಮಿಷ ಬಿಸಿನೀರಲ್ಲಿ ಅದ್ದಿ ಒತ್ತಿ.

ಮನೆಗೆ ನೀರು ನುಗ್ಗಿಸುವುದು ಓಡುವ ಪಂಪಲ್ಲ, ನಿಂತ ಪಂಪು. ಬಕೆಟಿನ ನೀರಿನ ಮಟ್ಟ ಡ್ರಿಪ್ಪರಿನ ಬಾಯಿಗಿಂತ ಮೇಲಿದ್ದರೆ, ಪಂಪು ನಿಂತ ಮೇಲೂ ಪೈಪಿನಲ್ಲಿ ತುಂಬಿರುವ ನೀರು ಹಿಂದಿನ ನೀರನ್ನು ಎಳೆಯುತ್ತಲೇ ಇರುತ್ತದೆ. ಡಯಾಫ್ರಾಮ್ ಪಂಪಿನ ಒಳಗಿನ ಕವಾಟಗಳು ನೀರು ಹಿಂದಕ್ಕೆ ಬರದಂತೆ ತಡೆಯುತ್ತವೆ, ಮುಂದಕ್ಕೆ ಹೋಗುವುದನ್ನು ತಡೆಯುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಬಕೆಟ್ ಖಾಲಿ. ಕೆಳಗಿನ ಮನೆಯ ಸೂರಿನಲ್ಲಿ ತೇವದ ಕಲೆ ಕಂಡ ಮೇಲೆ ಎಷ್ಟೋ ಜನ ಟೈಮರನ್ನು ಬೈಯುತ್ತಾರೆ. ತಪ್ಪು ಟೈಮರಿನದ್ದಲ್ಲ. ಬಕೆಟ್ ನೆಲದ ಮೇಲೆ, ಕುಂಡ ಸ್ಟ್ಯಾಂಡಿನ ಮೇಲೆ ಇಟ್ಟು, ತುಂಬಿದ ಬಕೆಟಿನ ಮಟ್ಟಕ್ಕಿಂತ ಎಲ್ಲ ಡ್ರಿಪ್ಪರ್ ಬಾಯಿಗಳೂ ಒಂದು ಗೇಣಾದರೂ ಮೇಲಿರುವಂತೆ ನೋಡಿಕೊಂಡರೆ ಮುಗಿಯಿತು. ಹಾಗೆ ಇಡಲು ಜಾಗವೇ ಇಲ್ಲದಿದ್ದರೆ, ಪಂಪಿನಿಂದ ಹೊರಟ ಪೈಪಿಗೆ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಒಂದು ಟೀ ಹಾಕಿ. ಅದರ ಕವಲಿಗೂ ಒಂದು ಡ್ರಿಪ್ಪರ್ ಸಿಕ್ಕಿಸಿ, ಬಕೆಟಿನ ಬಾಯೊಳಗೆ ನೀರಿಗೆ ತಾಗದ ಹಾಗೆ ತೂಗುಬಿಡಿ. ಪಂಪು ಓಡುವಾಗ ಸ್ವಲ್ಪ ನೀರು ಬಕೆಟಿಗೇ ವಾಪಸ್ ಬೀಳುತ್ತದೆ. ನಿಂತಾಗ ಅಲ್ಲಿಂದ ಗಾಳಿ ಒಳಬಂದು ಎಳೆತ ಕಡಿದುಹೋಗುತ್ತದೆ. ಪೈಪನ್ನೇ ರೋಲರಿನಿಂದ ಒತ್ತಿ ನೀರು ತಳ್ಳುವ ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ಈ ತೊಂದರೆಯೇ ಇಲ್ಲ, ನಿಂತಾಗಲೂ ಪೈಪು ಒತ್ತಿಕೊಂಡೇ ಇರುತ್ತದೆ. ಹರಿವು ಮಾತ್ರ ನಿಧಾನ.

ಇನ್ನೊಂದು ತೊಂದರೆ ಲೋಟಗಳಲ್ಲಿ ಅಳೆದಾಗ ಮಾತ್ರ ಕಾಣುತ್ತದೆ. ಡ್ರಿಪ್ಪರ್‌ಗಳನ್ನು ಮಣ್ಣಿಗೆ ಚುಚ್ಚುವ ಮೊದಲು, ಪ್ರತಿ ಕುಂಡದ ಮೇಲೂ ಒಂದೊಂದು ಲೋಟವಿಟ್ಟು, ಅದರೊಳಗೆ ಡ್ರಿಪ್ಪರ್ ಇಳಿಬಿಟ್ಟು ಒಂದು ಸುತ್ತು ಓಡಿಸಿ. ಪಂಪಿಗೆ ಹತ್ತಿರದ ಲೋಟದಲ್ಲಿ ಹೆಚ್ಚು, ಕೊನೆಯದರಲ್ಲಿ ಕಡಿಮೆ. ಇದು ಎಲ್ಲರಿಗೂ ಗೊತ್ತು. ಪಂಪು ನಿಂತ ಮೇಲೆ ಐದು ನಿಮಿಷ ಕಾದು ನೋಡಿ. ಎಲ್ಲಕ್ಕಿಂತ ತಗ್ಗಿನಲ್ಲಿರುವ ಲೋಟಕ್ಕೆ ಹನಿ ಬೀಳುತ್ತಲೇ ಇರುತ್ತದೆ. ಒಳಗಿನ ಅಡ್ಡಳತೆ 4 ಎಂಎಂ ಇರುವ ಪೈಪು ಮೀಟರಿಗೆ ಸುಮಾರು 12.5 ಮಿ.ಲೀ. ನೀರು ಹಿಡಿಯುತ್ತದೆ. ಐದು ಮೀಟರ್ ಪೈಪು ಬರಿದಾಗಿ ಒಂದೇ ಕುಂಡಕ್ಕೆ ಇಳಿದರೆ ಅದಕ್ಕೆ ಪ್ರತಿ ಸುತ್ತಿಗೂ 60 ಮಿ.ಲೀ. ಹೆಚ್ಚುವರಿ. ಶೆಲ್ಫಿನ ಕೆಳಗಿನ ಹಲಗೆಯ ಗಿಡವೇ ಮೊದಲು ಹಳದಿಯಾಗುವುದು ಇದರಿಂದ. ಪರಿಹಾರ ಮೂರು. ಎಲ್ಲ ಡ್ರಿಪ್ಪರ್ ಬಾಯಿಗಳನ್ನೂ ಒಂದೇ ಎತ್ತರಕ್ಕೆ ತನ್ನಿ. ಮುಖ್ಯ ಪೈಪಿನ ಕೊನೆಯನ್ನು ಮುಚ್ಚದೆ ತಿರುಗಿಸಿ ತಂದು ಮೊದಲ ಟೀಗೆ ಕೂಡಿಸಿ ಬಳೆಯ ಹಾಗೆ ಮಾಡಿ. ಎರಡೂ ಕಡೆಯಿಂದ ನೀರು ಬಂದು ಕೊನೆಯ ಕುಂಡದ ಕೊರತೆ ತುಂಬುತ್ತದೆ. ಆಮೇಲೆ ಸಣ್ಣ ಸಣ್ಣ ಸುತ್ತಿಗಿಂತ, ಎರಡು ದಿನಕ್ಕೊಮ್ಮೆ ದೊಡ್ಡ ಸುತ್ತು ಇಡಿ. ಪೈಪು ಬರಿದಾಗುವ ಸಲ ಅರ್ಧಕ್ಕೆ ಇಳಿಯುತ್ತದೆ, ಕೋಕೋಪೀಟೂ ಆಳದವರೆಗೆ ನೆನೆಯುತ್ತದೆ.

ಕರೆಂಟಿನ ವಿಷಯ. ಕೆಲವು ಟೈಮರುಗಳು ಕರೆಂಟ್ ಹೋದರೆ ಸಮಯ ಮರೆತುಬಿಡುತ್ತವೆ, ಕೆಲವು ಕರೆಂಟ್ ಬಂದ ಕ್ಷಣದಿಂದ ಹೊಸದಾಗಿ ಎಣಿಸುತ್ತವೆ. ತಂದ ದಿನವೇ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿ ನೋಡಿ. ಪವರ್ ಬ್ಯಾಂಕ್ ಸಿಕ್ಕಿಸಿದರೆ ಆಯಿತು ಅಂದುಕೊಳ್ಳಬೇಡಿ: ಟೈಮರ್ ಸುಮ್ಮನಿರುವಾಗ ಎಳೆಯುವ ವಿದ್ಯುತ್ ತೀರಾ ಕಡಿಮೆ. ಫೋನ್ ಚಾರ್ಜ್ ಆಗಿ ಮುಗಿಯಿತೆಂದು ತಿಳಿದು ಬಹಳಷ್ಟು ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ. ಪೆನ್ಸಿಲ್ ಸೆಲ್ ಹಾಕುವ ಟೈಮರೇ ವಾಸಿ.

ಬತ್ತಿ

ಕರೆಂಟಿಲ್ಲ, ಸದ್ದಿಲ್ಲ. ಎಷ್ಟು ನೀರು ಬೇಕೆಂದು ಮಣ್ಣೇ ಹೇಳುತ್ತದೆ, ಒಣಗಿದಷ್ಟು ಎಳೆದುಕೊಳ್ಳುತ್ತದೆ. ಪೀಸ್ ಲಿಲಿ, ಫರ್ನ್, ಆಫ್ರಿಕನ್ ವಯೊಲೆಟ್‌ನಂಥ, ಸದಾ ತೇವ ಬಯಸುವ ಗಿಡಕ್ಕೆ ಪಂಪಿಗಿಂತ ಇದೇ ಮೇಲು ಅನ್ನುವುದರಲ್ಲಿ ನಮಗೆ ಸಂಶಯವಿಲ್ಲ.

ಹತ್ತಿ ಬತ್ತಿ, ಹಳೇ ಪಂಚೆಯ ಸೀಳು ಚೆನ್ನಾಗಿಯೇ ಹೀರುತ್ತವೆ, ಆದರೆ ಮಣ್ಣೊಳಗೆ ಕೊಳೆಯುತ್ತವೆ. ಊರಿಗೆ ಹೋಗಿ ಬರುವ ಹತ್ತು ದಿನಕ್ಕೆ ಪರವಾಗಿಲ್ಲ. ವರ್ಷಪೂರ್ತಿ ಇಡುವುದಾದರೆ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ, ಸೋಪುನೀರಲ್ಲಿ ಕುದಿಸಿ ತೊಳೆದು ಹಾಕಿ. ಹೊಸ ಹಗ್ಗದ ಮೇಲಿನ ಎಣ್ಣೆಯಂಶ ನೀರು ಹತ್ತಲು ಬಿಡುವುದಿಲ್ಲ. ಗಿಡ ನೆಡುವಾಗಲೇ ತಳದ ತೂತಿನಿಂದ ತಂದು, ಬೇರಿನ ಮಟ್ಟದಲ್ಲಿ ಒಂದು ಸುತ್ತು ಸುತ್ತಿ ಮಣ್ಣು ತುಂಬಿ. ನೆಟ್ಟ ಗಿಡವಾದರೆ ದಬ್ಬಳದಿಂದ ಕೆಳಗಿನಿಂದ ಮೇಲಕ್ಕೆ ಚುಚ್ಚಿ ತೂರಿಸಬಹುದು. ಆರಿಂಚಿನ ಕುಂಡಕ್ಕೆ ಒಂದು ಬತ್ತಿ, ಎಂಟಿಂಚಿಗೆ ಎರಡು. ನೀರಿನ ಮಟ್ಟದಿಂದ ಕುಂಡದ ತಳಕ್ಕೆ ನಾಲ್ಕಾರು ಇಂಚು ಮೀರಬಾರದು.

ಕೆಲಸ ಮಾಡದಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ. ಒಣ ಬತ್ತಿಯನ್ನು ಒಣ ಮಣ್ಣಿಗೆ ಇಟ್ಟಿರುತ್ತಾರೆ. ಬತ್ತಿ ನೆನೆದಿರಬೇಕು, ಕುಂಡಕ್ಕೂ ಮೇಲಿನಿಂದ ಒಮ್ಮೆ ಪೂರ್ತಿ ನೀರುಣಿಸಿರಬೇಕು. ಪೂರಾ ಒಣಗಿದ ಮಿಶ್ರಣ ಬತ್ತಿಯಿಂದ ನೀರನ್ನು ಸರಿಯಾಗಿ ಎಳೆದುಕೊಳ್ಳಲಾರದು. ಬರೀ ಕೆಂಪು ಮಣ್ಣು ತುಂಬಿದ ಕುಂಡದಲ್ಲಿ ತಳ ಕೆಸರಾಗುತ್ತದೆ. ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಬೆರೆಸಿ. ನೀರು ಸದಾ ಕೆಳಗಿನಿಂದ ಮೇಲಕ್ಕೇ ಹೋಗುವುದರಿಂದ ಉಪ್ಪೆಲ್ಲ ಮಣ್ಣಿನ ಮೇಲ್ಪದರದಲ್ಲಿ ಬಿಳಿಯಾಗಿ ನಿಲ್ಲುತ್ತದೆ. ಎರಡು ತಿಂಗಳಿಗೊಮ್ಮೆ ಬತ್ತಿಯ ಡಬ್ಬ ತೆಗೆದು, ಮೇಲಿನಿಂದ ಧಾರಾಳ ನೀರು ಹಾಕಿ ತೊಳೆದುಬಿಡಿ.

ಸಲೈನ್ ಪೈಪು

ಔಷಧಿ ಅಂಗಡಿಯಲ್ಲಿ ಸಿಗುವ ಹೊಸ ಡ್ರಿಪ್ ಸೆಟ್ ತಂದು ನೀರಿನ ಬಾಟಲಿಗೆ ಚುಚ್ಚುವುದು ನಮ್ಮ ಕಡೆ ಹಳೆಯ ಉಪಾಯ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ್ದನ್ನು ತರಬೇಡಿ. ಕಣ್ಣಿಗೆ ಹನಿ ಕಾಣುತ್ತದೆ, ಎಣಿಸಬಹುದು, ಚಕ್ರ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಹಾಗಾಗಿ ನಂಬಿಕೆ ಬರುತ್ತದೆ. ಲೆಕ್ಕ ಹಾಕಿದರೆ ಆ ನಂಬಿಕೆ ಸ್ವಲ್ಪ ಅಲುಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಮಿ.ಲೀ. ದಿನಕ್ಕೆ 100 ಮಿ.ಲೀ. ಬೇಕಾದ ಕುಂಡಕ್ಕೆ 2000 ಹನಿ, ಅಂದರೆ ಸುಮಾರು 43 ಸೆಕೆಂಡಿಗೆ ಒಂದು. ಅಷ್ಟು ನಿಧಾನಕ್ಕೆ ಚಕ್ರ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಪೈಪು ಒತ್ತಡಕ್ಕೆ ಮೆತ್ತಗಾಗುತ್ತ ಹರಿವು ಬದಲಾಗುತ್ತದೆ, ಹಲವು ಸಲ ಪೂರ್ತಿ ನಿಂತೇಹೋಗುತ್ತದೆ. ಮಕ್ಕಳಿಗೆ ಬಳಸುವ, 60 ಹನಿಗೆ 1 ಮಿ.ಲೀ. ಇರುವ ಮೈಕ್ರೋ ಸೆಟ್ ತಂದರೆ ನಿಮಿಷಕ್ಕೆ ನಾಲ್ಕು ಹನಿ. ಅದನ್ನು ಎಣಿಸಿ ಸರಿಪಡಿಸುವುದು ಸುಲಭ. ದಿನಕ್ಕೆ ಅರ್ಧ ಲೀಟರ್ ಕುಡಿಯುವ ದೊಡ್ಡ ಅರೆಕಾ ಪಾಮಿಗಾದರೆ ಸಾಮಾನ್ಯ ಸೆಟ್ಟೇ ಸಾಕು, ನಿಮಿಷಕ್ಕೆ ಏಳು ಹನಿ.

ಬಾಟಲಿಯ ನೀರು ಇಳಿದಂತೆ ಒತ್ತಡ ಇಳಿದು ಹನಿಯೂ ಕಡಿಮೆಯಾಗುತ್ತದೆ. ಗಟ್ಟಿ ಕ್ಯಾನಿನ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದು, ಗಾಳಿಗೆಂದೇ ಒಂದು ಸಪೂರ ಪೈಪನ್ನು ಮುಚ್ಚಳದಿಂದ ತಳದ ಹತ್ತಿರದವರೆಗೆ ಇಳಿಸಿದರೆ ಹರಿವು ಕೊನೆಯವರೆಗೂ ಒಂದೇ ಸಮನಿರುತ್ತದೆ. ಆಗ ಒತ್ತಡ ತೀರ್ಮಾನವಾಗುವುದು ಆ ಪೈಪಿನ ತುದಿಯಿಂದ, ನೀರಿನ ಮೇಲ್ಮಟ್ಟದಿಂದಲ್ಲ. ಇಷ್ಟೆಲ್ಲ ಮಾಡಿದರೂ ಡಬ್ಬ ಕುಂಡಕ್ಕಿಂತ ಮೇಲೇ ಇರುತ್ತದೆ, ಚಕ್ರ ಸಡಿಲವಾದರೆ ಎಲ್ಲ ನೀರೂ ಕೆಳಗೆ. ಒಂದೆರಡು ದೊಡ್ಡ ಕುಂಡಕ್ಕೆ, ಒಂದು ವಾರಕ್ಕೆ ಸರಿ.

ಮಣ್ಣಿನ ಮೊಳೆ

ಮೆರುಗು ಹಾಕದ ಸುಟ್ಟ ಮಣ್ಣಿನ ಮೊಳೆಯನ್ನು ಕುಂಡಕ್ಕೆ ಚುಚ್ಚಿ ಅದರ ಮೇಲೆ ಬಾಟಲಿ ಬೋರಲು ಹಾಕುವುದು. ಮಡಕೆ ಬೆವರುವ ಹಾಗೆ ಇದೂ ಬೆವರುತ್ತದೆ. ಸುತ್ತಲಿನ ಮಣ್ಣು ಒಣಗಿದ್ದರೆ ಬೇಗ, ತೇವವಿದ್ದರೆ ನಿಧಾನ. ಚುಚ್ಚುವ ಮೊದಲು ಮೊಳೆಯನ್ನು ಒಂದು ರಾತ್ರಿ ನೆನೆಹಾಕಿ, ಮಣ್ಣಿಗೆ ಬಿಗಿಯಾಗಿ ಕೂರಿಸಿ. ಸಂದು ಉಳಿದರೆ ಏನೂ ಹೀರುವುದಿಲ್ಲ. ತೆಳು ಪ್ಲಾಸ್ಟಿಕ್ ಬಾಟಲಿ ಗಾಳಿ ಸಿಗದೆ ಒಳಕ್ಕೆ ಕುಗ್ಗುತ್ತದೆ, ಗಾಜಿನದ್ದು ಅಥವಾ ದಪ್ಪನೆಯದ್ದು ಇರಲಿ. ಆರಿಂಚಿನ ಕುಂಡದಲ್ಲಿ ಮೊಳೆಯೇ ಬೇರಿನ ಜಾಗ ತಿನ್ನುತ್ತದೆ. ಹತ್ತಿಂಚಿನ ಮೇಲಾದರೆ ಚೆಂದ. ಬೋರ್‌ವೆಲ್ ನೀರಿನ ಸುಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರಷ್ಷಿನಿಂದ ಉಜ್ಜಿ, ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ಒಂದು ರಾತ್ರಿ ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತವೆ.

ಮನೆಯೊಳಗೆ ಬೇಡವಾದವು

ತೋಟದ ಡ್ರಿಪ್ ಅಂಗಡಿಯಿಂದ ಒತ್ತಡ ಸರಿದೂಗಿಸುವ ಡ್ರಿಪ್ಪರ್ ತಂದು ಶೆಲ್ಫಿನ ಮೇಲಿನ ಬಕೆಟಿಗೆ ಜೋಡಿಸುವವರಿದ್ದಾರೆ. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ 0.1 ಬಾರ್ ಮಾತ್ರ. ಆ ಡ್ರಿಪ್ಪರ್‌ಗಳು ಅಷ್ಟಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನಲ್ಲಿಗೆ ಹಾಕುವ ಟೈಮರಿನಲ್ಲೂ ಅಷ್ಟೆ, ವಿದ್ಯುತ್ ಕಾಂತದಿಂದ ತೆರೆಯುವ ಸೊಲೆನಾಯ್ಡ್ ಬಗೆಯದ್ದಕ್ಕೆ ಒತ್ತಡ ಬೇಕು, ಬಾಲ್ ವಾಲ್ವ್ ಬಗೆಯದ್ದಕ್ಕೆ ಬೇಡ. ಎರಡೂ ಬಾಲ್ಕನಿಗೆ, ಟೆರೇಸಿಗೆ ಸರಿ. ಮಣ್ಣಿಗೆ ಚುಚ್ಚುವ ತೇವದ ಸೆನ್ಸರಿನಲ್ಲಿ ಎರಡು ಲೋಹದ ಕಡ್ಡಿಯ ಅಗ್ಗದ ಬಗೆ ವಾರಗಳಲ್ಲಿ ತುಕ್ಕು ಹಿಡಿದು ಸುಳ್ಳು ಹೇಳುತ್ತದೆ. ಲೋಹ ನೇರವಾಗಿ ಮಣ್ಣಿಗೆ ತಾಗದ ಕೆಪಾಸಿಟಿವ್ ಬಗೆ ಬಾಳುತ್ತದೆ, ಆದರೆ ಅಂಚಿಗೆ ವಾರ್ನಿಶ್ ಬಳಿಯದಿದ್ದರೆ ಅದೂ ನೀರು ಕುಡಿಯುತ್ತದೆ. ಸೆನ್ಸರ್ ಹೇಳಿದಂತೆ ಪಂಪು ಓಡಿಸುವುದಾದರೂ, ದಿನಕ್ಕೆ ಇಷ್ಟೇ ಸೆಕೆಂಡು ಎಂಬ ಮಿತಿ ಇಡಲೇಬೇಕು.

ಯಾವ ನೀರು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಬಳಸಬಾರದೆಂದು, ಬಳಸಿದರೆ 5000 ರೂಪಾಯಿ ದಂಡವೆಂದು ಹೇಳಿದಾಗ ಎಷ್ಟೋ ಮನೆಗಳಲ್ಲಿ ಆರ್‌ಓ ಫಿಲ್ಟರ್ ಹೊರಗೆ ಬಿಟ್ಟ ನೀರು ಕುಂಡಕ್ಕೆ ಹೋಯಿತು. ಕೈಯಲ್ಲಿ ಹಾಕುವಾಗ, ನಡುನಡುವೆ ಬೇರೆ ನೀರು ಬೆರೆತರೆ ಗಿಡ ತಾಳುತ್ತದೆ. ಡ್ರಿಪ್ಪರಿಗೆ ಮಾತ್ರ ಆ ನೀರು ಶತ್ರು. ಲವಣ ದಟ್ಟವಾಗಿರುವುದರಿಂದ ಬಾಯಲ್ಲಿ ಬಿಳಿ ಗಂಟು ಕಟ್ಟುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಇದಕ್ಕೆ ತದ್ವಿರುದ್ಧ: ಡ್ರಿಪ್ಪರ್ ಕಟ್ಟುವುದಿಲ್ಲ, ಆದರೆ ಸುಣ್ಣದ ಬದಲು ಸೋಡಿಯಂ ಮಣ್ಣಿಗೆ ಸೇರಿ ಎಲೆಯಂಚು ಸುಡುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲವೆಂಬಷ್ಟು ಕಡಿಮೆ, ಮಳೆನೀರೂ ಹಾಗೆಯೇ. ಬಕೆಟ್ ತುಂಬಲು ಅವೇ ಉತ್ತಮ. ಪಂಪಿನ ಬಕೆಟಿಗೆ ದ್ರವ ಗೊಬ್ಬರ, ಜೀವಾಮೃತ ಬೆರೆಸಬೇಡಿ. ಯಾವ ನೀರಾದರೂ ಮುಚ್ಚಳದ ತೂತಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ವಾರ, ಹತ್ತು ದಿನ ಸಾಕು.

ಸ್ನೇಕ್ ಪ್ಲಾಂಟ್, ಝೀಝೀಗಳನ್ನು ಈ ಯಾವ ಸಾಲಿಗೂ ಸೇರಿಸಬೇಡಿ. ಹೊರಡುವ ಮುನ್ನ ಒಮ್ಮೆ ನೀರು ಹಾಕಿದರೆ ಮೂರು ವಾರ ಇರುತ್ತವೆ. ಡ್ರಿಪ್ ಕೊಟ್ಟರೆ ಬುಡವೇ ಮೆತ್ತಗಾಗಿ ಕಳಚುತ್ತದೆ. ಉಳಿದವನ್ನು ತೇವ ಬಯಸುವವು, ಒಣಗಲು ಬಿಡಬೇಕಾದವು ಎಂದು ಎರಡು ಮಾಡಿ. ಮೊದಲನೆಯವಕ್ಕೆ ಬತ್ತಿ, ಎರಡನೆಯವಕ್ಕೆ ಪಂಪು. ಪ್ರಯಾಣಕ್ಕೆ ನಾಲ್ಕು ದಿನ ಮೊದಲೇ ಜೋಡಿಸಿ, ಬಕೆಟಿನ ಹೊರಗೆ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ, ಪಂಪಿನ ಪ್ರತಿ ಸುತ್ತಿಗೂ ಮೊದಲು ಒಂದು ಗೆರೆ. ಗೆರೆಗಳ ನಡುವಿನ ಅಂತರ ಒಂದೇ ಸಮನಿದ್ದು ತಟ್ಟೆಗಳು ಒಣಗಿದ್ದರೆ ಬೀಗ ಹಾಕಿ ಹೊರಡಬಹುದು. ಒಂದು ಸುತ್ತಿನ ಅಂತರ ದಿಢೀರನೆ ದೊಡ್ಡದಾಗಿದ್ದರೆ ನೀರು ತಾನಾಗಿ ಎಳೆಯುತ್ತಿದೆ ಎಂದರ್ಥ. ಬಕೆಟನ್ನು ಇನ್ನೂ ತಗ್ಗಿಗೆ ಇಳಿಸಿ ಮತ್ತೆ ಗೆರೆ ಎಳೆಯಲು ಶುರುಮಾಡಿ.